ಬಾಗಿಯಮ್ಮನ ತಲೆಸುತ್ತು

ಕುಕ್ಕರ್ ಮೂರು ಸೀಟಿ ಹೊಡೆಯುವುದರೊಳಗೆ ಮನೆಯ ಜಗಳ ಮುಗಿಯಬೇಕು ಎಂಬುದು ಜಯಲತಾ ಮಾಡಿದ ಕಾನೂನು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಆ ಸಣ್ಣ ಫ್ಲ್ಯಾಟಿನಲ್ಲಿ ಐದು ಜನ ಒಂದೂವರೆ ವರ್ಷದಿಂದ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಬದುಕುತ್ತಿದ್ದರು. ಕಾನೂನಿಲ್ಲದಿದ್ದರೆ ಯಾವತ್ತೋ ಪಾತ್ರೆಗಳು ಹಾರಾಡುತ್ತಿದ್ದವು. ಆದರೆ ಜುಲೈ ತಿಂಗಳ ಆ ಬೆಳಿಗ್ಗೆ ಅನ್ನ ಬೆಂದು, ಕುಕ್ಕರ್ ತಣಿದು, ಸಾರಿಗೆ ಒಗ್ಗರಣೆ ಬಿದ್ದರೂ ಜಗಳ ನಿಲ್ಲಲಿಲ್ಲ.

ಜಗಳ ಮಗ ರಿತೇಶನಿಗೂ ಸೊಸೆ ಮಾನಸಿಗೂ. ಮಾನಸಿಗೆ ಆರನೇ ತಿಂಗಳು. ಬಸುರಿಯರೂ ಕೊರೊನಾ ಲಸಿಕೆ ಹಾಕಿಸಿಕೊಳ್ಳಬಹುದು ಎಂದು ಸರ್ಕಾರ ಆಗಷ್ಟೇ ಹೇಳಿತ್ತು. ವರ್ಷದ ಆರಂಭದಲ್ಲಿ ಅದೇ ಸರ್ಕಾರ ಬಸುರಿಯರಿಗೆ ಬೇಡ ಎಂದಿತ್ತು.

"ಮಮ್ಮಿ, ನೀನಾದ್ರೂ ಹೇಳು ಇವಳಿಗೆ," ರಿತೇಶ್ ಲ್ಯಾಪ್‌ಟಾಪ್ ಮುಚ್ಚಿದ. ಐರೋಲಿಯ ಆಫೀಸು ಅವನಿಗೆ ಊಟದ ಮೇಜಿನ ಮೇಲೆಯೇ ಬಂದು ಕೂತಿತ್ತು. "ಆಗ ಬೇಡ ಅಂದ್ರು, ಈಗ ಬೇಕು ಅಂತಾರೆ. ಅವರಿಗೇ ಪಕ್ಕಾ ಇಲ್ಲ. ನಾವು ನಮ್ಮ ಮಗುವನ್ನು ಇಟ್ಟು ಟೆಸ್ಟ್ ಮಾಡೋದಾ?"

"ತಬ್ ಪತಾ ನಹೀಂ ಥಾ ತೋ ಮನಾ ಕಿಯಾ. ಅಬ್ ಪತಾ ಹೈ ತೋ ಬೋಲ್ ರಹೇ ಹೈಂ," ಎಂದಳು ಮಾನಸಿ. ಆಗ ಗೊತ್ತಿರಲಿಲ್ಲ, ಬೇಡವೆಂದರು. ಈಗ ಗೊತ್ತಾಗಿದೆ, ಹೇಳುತ್ತಿದ್ದಾರೆ. ಅವಳ ಪ್ರಕಾರ ವಿಷಯ ಅಷ್ಟೇ. ದಿವಾದಲ್ಲಿ ಹುಟ್ಟಿ ಬೆಳೆದ ಹುಡುಗಿ. ಮನೆಯವರ ತುಳು, ಕನ್ನಡ ಎರಡೂ ಅರ್ಥವಾಗುತ್ತಿದ್ದರೂ ಉತ್ತರ ಬರುತ್ತಿದ್ದದ್ದು ಹಿಂದಿಯಲ್ಲಿ. ಕೋಪ ಬಂದರಂತೂ ಹಿಂದಿಯೇ.

ಕೋಪದ ಹಿಂದೆ ಇದ್ದದ್ದು ಭಯ. ಅವಳು ಕೆಲಸ ಮಾಡುವ ಕಲ್ಯಾಣದ ಕ್ರೆಡಿಟ್ ಸೊಸೈಟಿಯಲ್ಲಿ ಪಕ್ಕದ ಕೌಂಟರಿನ ದಿಶಾ ಏಪ್ರಿಲಿನಲ್ಲಿ ತೀರಿಕೊಂಡಿದ್ದಳು. ಎಂಟು ತಿಂಗಳ ಬಸುರಿ. ಗಂಡ ಆಕ್ಸಿಜನ್ ಹುಡುಕಿಕೊಂಡು ಊರೆಲ್ಲ ಅಲೆದ. ಅವಳೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಈಗ ಸೊಸೈಟಿಯವರು ಮಾನಸಿಗೆ ಆಗಸ್ಟ್ ಕೊನೆಗೆ ಕೌಂಟರಿಗೆ ಬರಲೇಬೇಕು ಎಂದಿದ್ದರು. ಲಸಿಕೆಯಿಲ್ಲದೆ ಆ ಕೌಂಟರಿನಲ್ಲಿ ಕೂರುವುದೆಂದರೆ ದಿಶಾಳ ಪಕ್ಕ ಕೂತ ಹಾಗೆ ಎಂದು ಅವಳು ಒಮ್ಮೆ ಅತ್ತೆಯ ಹತ್ತಿರ ಹೇಳಿದ್ದಳು. ಜಯಲತಾಳಿಗೆ ಅದು ಬಿಸಿತುಪ್ಪವಾಗಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಗಂಡ ಹರಿಶ್ಚಂದ್ರನನ್ನು ಕೇಳಿ ಪ್ರಯೋಜನವಿರಲಿಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕ್ಯಾಂಟೀನ್ ನಡೆಸಿ ಮೂವತ್ತು ವರ್ಷ ನೂರಾರು ಗಿರಾಕಿಗಳನ್ನು ಸಂಭಾಳಿಸಿದ ಆ ಮನುಷ್ಯ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ವಿದ್ಯೆಯಲ್ಲಿ ಪಾರಂಗತ. "ಇಬ್ಬರು ಹೇಳುವುದೂ ಸರಿಯೇ ಉಂಟು," ಎಂದು ಮಾಸ್ಕ್ ಸಿಕ್ಕಿಸಿಕೊಂಡು ಹೊರಟ.

ಆಗ ಮೂಲೆಯ ಮಂಚದಿಂದ ಬಾಗಿಯಮ್ಮನ ಧ್ವನಿ ಬಂತು. ಹರಿಶ್ಚಂದ್ರನ ತಾಯಿ. ಎಂಬತ್ತು ದಾಟಿತ್ತು. "ನಾನು ಮೊದಲು ಹಾಕಿಸಿಕೊಳ್ತೇನೆ."

ಎಲ್ಲರೂ ತಿರುಗಿ ನೋಡಿದರು. ಮಾರ್ಚಿನಿಂದಲೂ ಹೇಳಿ ಹೇಳಿ ಎಲ್ಲರ ಬಾಯಿ ನೊಂದಿತ್ತು. 'ನನಗೆ ಯಾಕೆ? ಮದ್ದು ಸಾಲದು ಅಂತಾರೆ, ಪ್ರಾಯದವರಿಗೆ ಸಿಗಲಿ' ಎಂದು ಮಗ್ಗುಲು ಬದಲಿಸುತ್ತಿದ್ದ ಮುದುಕಿ.

"ಈಗೇನು ಬುದ್ಧಿ ಬಂತು ಮಾಮಿ?" ಎಂದಳು ಜಯಲತಾ. ಅತ್ತೆಯನ್ನು ತುಳುವಿನ ರೂಢಿಯಂತೆ ಅವಳು ಕರೆಯುತ್ತಿದ್ದದ್ದು ಹಾಗೆಯೇ.

"ನೀನು, ಹರೀಶ, ಈ ರಿತೇಶ, ಎಲ್ಲ ಹಾಕಿಸಿಕೊಂಡಾಯ್ತು. ಎಂತಾಯ್ತು? ಒಂದು ದಿನ ಜ್ವರ. ನೀವು ಗಟ್ಟಿ ಉಂಟು. ಈ ಮನೆಯಲ್ಲಿ ಮೆತ್ತಗಿನ ಜೀವ ಎರಡೇ. ಒಂದು ನನ್ನದು, ಒಂದು ಅವಳ ಹೊಟ್ಟೆಯಲ್ಲಿ ಇರುವುದು. ನಾನು ತಡೆದುಕೊಂಡರೆ ಅದೂ ತಡೆದುಕೊಳ್ತದೆ."

ಇಂಥ ತರ್ಕಕ್ಕೆ ಯಾವ ಡಾಕ್ಟರೂ ಒಪ್ಪಲಿಕ್ಕಿಲ್ಲ. ಆದರೆ ಆ ಮನೆಯಲ್ಲಿ ಎಲ್ಲರೂ ಒಪ್ಪಿದರು. ರಿತೇಶ್ ಕೂಡ, "ಚಲೋ, ಅಜ್ಜಿಗೆ ಏನೂ ಆಗದಿದ್ರೆ ನಾನು ಮಾತಾಡೋದಿಲ್ಲ," ಎಂದ. ಮಾನಸಿ ಹೋಗಿ ಅಜ್ಜಿಯ ಕಾಲ ಬುಡದಲ್ಲಿ ಕೂತಳು. ಒಗ್ಗರಣೆ ಸೀದುಹೋದದ್ದನ್ನು ಜಯಲತಾ ಆಗ ಗಮನಿಸಿದಳು.

ಅದು ಆಟಿ ತಿಂಗಳು. ತುಳುವರಿಗೆ ಆಟಿ ಎಂದರೆ ಮಳೆ, ರೋಗ ಮತ್ತು ಮದ್ದಿನ ತಿಂಗಳು. ಆಟಿಯ ಅಮಾವಾಸ್ಯೆಯ ದಿನ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಬಾರದು ಎಂಬ ನಂಬಿಕೆ. ಕತ್ತಿ ತಾಗಿಸುವಂತಿಲ್ಲ. ಹಿಂದೆಲ್ಲ ಊರಿನ ಬಸ್ಸಿನಲ್ಲಿ ತೊಗಟೆ ಬರುತ್ತಿತ್ತು. ಹೋದ ವರ್ಷ ಬಸ್ಸೇ ಇರಲಿಲ್ಲ. ಎಂಐಡಿಸಿಯ ರಸ್ತೆಯ ಬದಿಯಲ್ಲಿ ಮರಾಠಿಯವರು ಸಾತ್ವೀಣ ಎನ್ನುವ ಮರಗಳೇ ನಮ್ಮ ಹಾಲೆ ಮರ ಎಂದು ಬಾಗಿಯಮ್ಮ ಕಿಟಕಿಯಿಂದಲೇ ಕಂಡುಹಿಡಿದಿದ್ದಳು. ಹರಿಶ್ಚಂದ್ರ ಲಾಕ್‌ಡೌನಿನ ನಸುಕಿನಲ್ಲಿ ಕಲ್ಲು ಹಿಡಿದು ಹೋಗಿ, ಪೊಲೀಸಿನವನ ಕೈಗೆ ಸಿಕ್ಕಿ, ಕಲ್ಲು ಯಾಕೆಂದು ವಿವರಿಸಲಾಗದೆ ಬೆವರಿ ಬಂದಿದ್ದ. ಆ ಕಥೆ ಹೇಳಿ ಬಾಗಿಯಮ್ಮ ಈಗಲೂ ನಗುತ್ತಿದ್ದಳು.

ಲಸಿಕೆಯ ದಿನ ಬಂತು. ಬೆಳಿಗ್ಗೆ ಜಯಲತಾ ಇಡ್ಲಿ ಮಾಡಿ, ಚಟ್ನಿ ಹಾಕಿ, ಅತ್ತೆಯ ಮುಂದೆ ಇಟ್ಟಳು. "ಹೊಟ್ಟೆ ತುಂಬ ತಿನ್ನಿ. ತಿಂದು ಬನ್ನಿ ಅಂತ ಮೆಸೇಜಿನಲ್ಲೂ ಉಂಟು."

"ತಿಂತೇನೆ, ನೀನು ಸೀರೆ ಉಟ್ಟುಕೋ ಹೋಗು."

ಜಯಲತಾ ತಯಾರಾಗಿ ಬರುವಾಗ ತಟ್ಟೆ ತೊಳೆದು ಬೋರಲು ಹಾಕಿತ್ತು. ಕಿಟಕಿಯ ಗ್ರಿಲ್ಲಿನಾಚೆ ಕಾಗೆಗಳ ಗದ್ದಲ. ಶೂ ಎಂದು ಅವನ್ನು ಓಡಿಸಿ, ಅತ್ತೆಯ ಕೈಹಿಡಿದು ಹೊರಟಳು. ಬಾಗಿಯಮ್ಮ ಮಿಂದು, ಹಣೆಗೆ ಗಂಧವಿಟ್ಟು, ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆ ಸೀರೆ ಉಟ್ಟಿದ್ದಳು. ದೇವಸ್ಥಾನಕ್ಕೆ ಹೋಗುವವರ ಹಾಗೆ.

ಮುನಿಸಿಪಾಲಿಟಿಯ ಶಾಲೆಯ ಅಂಗಳದಲ್ಲಿ ಸಾಲು ಗೇಟಿನಿಂದ ಹೊರಗೂ ಬಂದಿತ್ತು. ಮಳೆ ಬಿಟ್ಟು ಸುಡುವ ಬಿಸಿಲು. ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದವರು, ಮೀನು ಮಾರುವ ಹೆಂಗಸರು, ಸೂಟು ಹಾಕಿದ ಒಬ್ಬ ಮುದುಕ, ಎಲ್ಲರೂ ಒಂದೇ ಸಾಲಿನಲ್ಲಿ. ಮುದುಕರಿಗೆ ಬೇರೆ ಬೆಂಚು ಉಂಟು ಎಂದು ಯಾರೋ ಹೇಳಿದರೂ ಬಾಗಿಯಮ್ಮ ಕೂರಲಿಲ್ಲ. ಕಣ್ಣರಳಿಸಿ ನೋಡುತ್ತಾ ನಿಂತಿದ್ದಳು.

"ಇಷ್ಟು ಜನರಿಗೂ ಒಂದೇ ಮದ್ದಾ ಜಯಾ?"

"ಹೌದು ಮಾಮಿ. ದೇಶಕ್ಕೇ."

"ದುಡ್ಡು?"

"ಇಲ್ಲ."

"ಅಂದಾ!" ಎಂದಳು ಬಾಗಿಯಮ್ಮ. ಹೌದಾ ಎನ್ನಲು ತುಳುವಿನಲ್ಲಿ ಇರುವ ಆ ಪುಟ್ಟ ಮಾತನ್ನು ಅವಳು ಅಷ್ಟು ಬೆರಗಿನಿಂದ ಹೇಳಿದ್ದನ್ನು ಜಯಲತಾ ಎಂದೂ ಕೇಳಿರಲಿಲ್ಲ.

ನರ್ಸು "ಖಾಲ್ಲಂ ಕಾ ಆಜಿ?" ಎಂದು ಕೇಳಿದಳು. ತಿಂದಿರಾ? ಬಾಗಿಯಮ್ಮ ತಲೆಯಾಡಿಸಿದಳು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಅರ್ಧ ಗಂಟೆ ಕೂತಿರಬೇಕೆಂದು ಪಕ್ಕದ ತರಗತಿಯಲ್ಲಿ ಕೂರಿಸಿದರು. ಗೋಡೆಯ ಮೇಲೆ ಮಕ್ಕಳ ಮಗ್ಗಿ. ಬಾಗಿಯಮ್ಮ, "ಆಯ್ತಲ್ಲ ಮಗಾ, ಏನೂ ಇಲ್ಲ," ಎನ್ನುತ್ತಾ ನೀರು ಕೇಳಲು ಎದ್ದವಳು ಹಾಗೆಯೇ ಕುಸಿದಳು. ಬೆಂಚಿನ ತುದಿ ಹಣೆಗೆ ಬಡಿಯಿತು.

ಆ ಕೋಣೆಯಲ್ಲಿ ಕೂತಿದ್ದವರೆಲ್ಲ ಒಮ್ಮೆಲೇ ಎದ್ದು ನಿಂತರು. ಡಾಕ್ಟರು ಬಂದರು, ಕಾಲು ಎತ್ತಿ ಹಿಡಿದರು, ಆಂಬುಲೆನ್ಸ್ ಬಂತು. ಜಯಲತಾಳಿಗೆ ನೆನಪಿರುವುದು ಒಂದೇ: ಅತ್ತೆಯ ಹಣೆಯ ಗಂಧ ರಕ್ತದ ಜೊತೆ ಕಲಸಿಹೋದದ್ದು.

ಒಂದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಹಣೆಗೆ ಹೊಲಿಗೆ ಹಾಕಿ, ಮುದುಕಿ ಗಟ್ಟಿ ಇದ್ದಾರೆ ಎಂದು ಕಳುಹಿಸಿದರು. ಮನೆಗೆ ಬಂದು ಎರಡು ಹೊತ್ತು ಗಂಜಿ ಕುಡಿದ ಮೇಲೆ ಬಾಗಿಯಮ್ಮ ಎಂದಿನ ಬಾಗಿಯಮ್ಮನೇ. ಆದರೆ ಮನೆ ಎಂದಿನ ಮನೆಯಾಗಿ ಉಳಿಯಲಿಲ್ಲ.

"ಮುಗೀತು. ಈ ವಿಷಯ ಇನ್ನು ಈ ಮನೆಯಲ್ಲಿ ಬೇಡ," ಎಂದ ರಿತೇಶ್.

"ರಿತೇಶ್, ಸುನೋ ತೋ..."

"ಅಜ್ಜಿ ನನ್ನ ಕಣ್ಣೆದುರು ಹೊಲಿಗೆ ಹಾಕಿಸಿಕೊಂಡು ಬಂದಿದ್ದಾರೆ. ಇನ್ನು ಎಂತ ಕೇಳೋದು?"

ಈ ಸಲ ಜಯಲತಾ ಮಗನ ಪಕ್ಷ. ಬರೀ ಪಕ್ಷವಲ್ಲ, ಅವನಿಗಿಂತ ಜೋರು. "ನನ್ನ ಮೈ ಇನ್ನೂ ನಡುಗ್ತಾ ಉಂಟು ಮಾನಸಿ. ಮುದುಕಿ ಬಿದ್ದರೆ ಹೊಲಿಗೆ ಹಾಕ್ತಾರೆ. ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ನೀನು ಬಿದ್ದರೆ?"

"ತೋ ಕೌಂಟರ್ ಪೇ ಬೈಠೂಂ? ವೈಸೇ ಹೀ?" ಹಾಗೆಯೇ ಹೋಗಿ ಕೌಂಟರಿನಲ್ಲಿ ಕೂರಲಾ?

"ಕೆಲಸ ಬಿಡು."

"ಔರ್ ಘರ್ ಮೇ ಜೋ ಆತಾ ಹೈ? ದೂದ್‌ವಾಲಾ, ಪಪ್ಪಾ, ರಿತೇಶ್?"

ಮನೆಗೆ ಬಂದುಹೋಗುವವರಿಂದ ರೋಗ ಬರುವುದಿಲ್ಲವೇ ಎಂಬುದು ಅವಳ ಪ್ರಶ್ನೆ. ದಿಶಾಳಿಗೆ ರೋಗ ತಂದದ್ದು ಕೌಂಟರೋ, ಗಂಡನೋ, ಯಾರಿಗೆ ಗೊತ್ತು? ಮಾನಸಿ ಅಂದು ತಟ್ಟೆಯ ಮುಂದೆ ಕೂತು ಅನ್ನವನ್ನು ಬೆರಳಿನಿಂದ ಆಚೀಚೆ ಮಾಡಿ ಎದ್ದುಹೋದಳು. ಸಾಲದ್ದಕ್ಕೆ ದಿವಾದಿಂದ ಹರಿಶ್ಚಂದ್ರನ ದೋಸ್ತ್ ಮುರಾರಿಯ ಫೋನು. ಡೊಂಬಿವಲಿಯಲ್ಲಿ ಒಬ್ಬಳು ಮುದುಕಿ ಲಸಿಕೆ ಹಾಕಿಸಿಕೊಂಡು ಅಲ್ಲೇ ಸತ್ತಳಂತೆ, ವಾಟ್ಸ್ಆ್ಯಪಿನಲ್ಲಿ ಬಂದಿದೆ, ನೀವು ಹುಷಾರು.

"ಸತ್ತ ಮುದುಕಿ ಇಲ್ಲೇ ಬಸಳೆ ಸೊಪ್ಪು ಸೋಸ್ತಾ ಇದ್ದಾಳೆ, ಮಾತಾಡ್ತೀಯಾ?" ಎಂದ ಹರಿಶ್ಚಂದ್ರ. ಜೀವಮಾನದಲ್ಲಿ ಅವನು ಒಂದು ಪಕ್ಷ ಹಿಡಿದು ಮಾತಾಡಿದ್ದು ಅದೇ ಮೊದಲು.

ಎಲ್ಲರೂ ನಕ್ಕರು. ಬಾಗಿಯಮ್ಮ ಮಾತ್ರ ನಗಲಿಲ್ಲ. ಬಸಳೆಯ ದಂಟು ಮುರಿಯುತ್ತಿದ್ದ ಕೈ ನಿಂತಿತು. ಮಾನಸಿ ಬಾಗಿಲು ಹಾಕಿಕೊಂಡಿದ್ದ ಒಳಗಿನ ಕೋಣೆಯ ಕಡೆ ನೋಡಿದಳು, ಮತ್ತೆ ತಲೆ ತಗ್ಗಿಸಿದಳು. ಮುದುಕಿಗೆ ಹೆದರಿಕೆ ಹೊಕ್ಕಿದೆ ಎಂದುಕೊಂಡಳು ಜಯಲತಾ.

ಮುಂದಿನ ವಾರ, ಮಳೆ ಧೋ ಎನ್ನುವ ಮಧ್ಯಾಹ್ನ, ಒಬ್ಬಳು ಹುಡುಗಿ ಕೊಡೆ ಮಡಚಿ, ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತಳು.

"ನಮಸ್ಕಾರ್ರಿ. ಭಾಗೀರಥಿ ಅಮ್ಮಾರ ಮನಿ ಇದೇ ಏನ್ರಿ? ನಾ ಡಾಕ್ಟರ್ ಚೈತನ್ಯಾ. ಮಹಾನಗರಪಾಲಿಕಿಯಿಂದ ಬಂದೀನಿ."

ಜಯಲತಾ ಬಾಗಿಲಿಗೆ ಅಡ್ಡ ನಿಂತಳು. ಸರ್ಕಾರದವರು ಮನೆಗೆ ಬಂದರೆ ಏನಾದರೂ ತಪ್ಪಾಗಿರಬೇಕು. ಆದರೆ ಬಂದವಳು ಕನ್ನಡ ಮಾತಾಡುತ್ತಿದ್ದಾಳೆ, ಅದೂ ವಿಜಯಪುರದ ಕಡೆಯ ಕನ್ನಡ! ಅಪ್ಪ ಅಲ್ಲಿನ ಇಂಡಿ ಊರಿನವರು, ತಾನು ಹುಟ್ಟಿದ್ದು ಠಾಣೆಯಲ್ಲಿ, ಇವರ ಹೆಸರು ನೋಡಿ ಕನ್ನಡದವರೆಂದು ತನ್ನನ್ನೇ ಕಳುಹಿಸಿದರು ಎಂದು ಅವಳೇ ಹೇಳಿದಳು. ಜಯಲತಾ ಚಹಾ ತಂದಿಟ್ಟಳು. ಡಾಕ್ಟರು ಮಾಸ್ಕ್ ತೆಗೆಯಲಿಲ್ಲ. ಚಹಾ ಹಾಗೆಯೇ ಉಳಿಯಿತು.

"ಅಮ್ಮಾರ, ಅವತ್ತ ನೀವು ಬಿದ್ರಲ್ಲ, ಅದರ ಬಗ್ಗೆ ಕೇಳಾಕ ಬಂದೀನ್ರಿ. ಮೊದಲು ಹಿಂಗ ಎಂದಾದ್ರೂ ಬಿದ್ದಿದ್ರೇನ್ರಿ?"

"ಇಲ್ಲಮ್ಮ."

"ಬಿಪಿ, ಶುಗರ್?"

"ಬಿಪಿಗೆ ಒಂದು ಗುಳಿಗೆ ಉಂಟು."

"ಮುಂಜಾನಿ ಏನ್ ತಿಂದಿದ್ರಿ?"

ಬಾಗಿಯಮ್ಮ ಸೊಸೆಯ ಮುಖ ನೋಡಿದಳು. "ಇಡ್ಲಿ."

"ನಾನೇ ಕೊಟ್ಟದ್ದು," ಎಂದಳು ಜಯಲತಾ. ಡಾಕ್ಟರು ಬರೆದುಕೊಂಡಳು. ರಾತ್ರಿ ನಿದ್ದೆ ಬಂದಿತ್ತೇ, ನೀರು ಕುಡಿದಿದ್ದಿರೇ, ಬೀಳುವ ಮುಂಚೆ ಕಣ್ಣು ಕತ್ತಲಾಯಿತೇ, ಒಂದೊಂದನ್ನೂ ಕೇಳಿದಳು. ರಿತೇಶ್ ಮೇಜಿನಿಂದ ಎದ್ದು ಬಂದ. ಅವನ ಮುಖದಲ್ಲಿ ಗೆದ್ದವನ ಕಳೆಯಿತ್ತು.

"ಮೇಡಂ, ಇದೆಲ್ಲ ಬರೆದುಕೊಂಡು ಎಂತ ಮಾಡ್ತೀರಿ? ಫೈಲಿನಲ್ಲಿ ಇಡ್ತೀರಿ, ಅಷ್ಟೇ ಅಲ್ವಾ?"

ಡಾಕ್ಟರು ಸಿಟ್ಟಾಗಲಿಲ್ಲ. "ಇಲ್ರಿ. ಅಮ್ಮಾರು ಬಿದ್ದ ಸುದ್ದಿ ಅವತ್ತ ಸಂಜೀಕ ಜಿಲ್ಲೆಗೆ ಹೋಗ್ಯದ. ಆಸ್ಪತ್ರಿಗೆ ಸೇರಿಸಿದ್ರ ವಿಚಾರಸದ ಬಿಡೂ ಹಂಗಿಲ್ಲ. ನಾ ಕೇಳಿದ್ದನ್ನ ಅಲ್ಲಿ ಡಾಕ್ಟರ್ಸ್ ಕೂತು ನೋಡ್ತಾರ. ಇದು ಮದ್ದಿಂದ ಆತೋ, ಬ್ಯಾರೆ ಕಾರಣಕ್ಕ ಆತೋ ಅಂತ. ಅಲ್ಲಿಂದ ಮ್ಯಾಲ, ದಿಲ್ಲಿತನಕ ಹೋಗ್ತದ. ಎಲ್ಲಾ ಕಡಿಯಿಂದ ಬಂದದ್ದು ಕೂಡಿಸಿ ನೋಡಿನೇ ಯಾರಿಗೆ ಕೊಡಬೇಕು, ಯಾರಿಗೆ ಬ್ಯಾಡ ಅಂತ ಹೇಳೋದು."

"ದಿಲ್ಲಿಗೆ?" ಎಂದಳು ಬಾಗಿಯಮ್ಮ.

"ಹೌದ್ರಿ."

"ನನ್ನ ತಲೆಸುತ್ತು? ಒಬ್ಬಳದ್ದು?"

"ನಿಮ್ಮ ಒಬ್ಬರದೇ. ಹಿಂಗ ಒಬ್ಬೊಬ್ಬರದೂ."

"ಅಂದಾ..."

ಜಯಲತಾಳ ಕೈಯಲ್ಲಿದ್ದ ಟ್ರೇ ಹಾಗೆಯೇ ನಿಂತಿತು. ಕೋಟಿಗಟ್ಟಲೆ ಜನ ತೋಳು ಚಾಚುತ್ತಿದ್ದಾರೆ ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದರು. ಗೋಣಿಗಟ್ಟಲೆ ಅಕ್ಕಿಯಲ್ಲಿ ಒಂದೇ ಒಂದು ಕಲ್ಲನ್ನು ಹುಡುಕಿ ತೆಗೆದ ಹಾಗೆ, ಅಷ್ಟು ಜನರ ನಡುವೆ ಡೊಂಬಿವಲಿಯ ಒಬ್ಬ ಮುದುಕಿ ಕುಸಿದದ್ದನ್ನು ಹುಡುಕಿಕೊಂಡು ಈ ಮಳೆಯಲ್ಲಿ ಒಬ್ಬಳು ಬಂದಿದ್ದಾಳೆ. ಬೇಡ ಎಂದದ್ದು ಬೇಕು ಆದದ್ದು ಹೀಗೋ ಎಂದು ಜಯಲತಾಳಿಗೆ ಆಗ ಹೊಳೆಯಿತು. ಯಾರೋ ಮನೆ ಮನೆಗೆ ಹೋಗಿ, ಇಡ್ಲಿ ತಿಂದಿರಾ ಎಂದು ಕೇಳಿ ಕೇಳಿ.

ಡಾಕ್ಟರು ಎದ್ದು ಚಪ್ಪಲಿ ಮೆಟ್ಟಿದಳು. ಕೊಡೆ ಬಿಡಿಸುವಷ್ಟರಲ್ಲಿ ಬಾಗಿಯಮ್ಮ ಮಂಚದಿಂದ ಕೂಗಿದಳು.

"ಡಾಕ್ಟ್ರಮ್ಮ, ನಿಲ್ಲಿ. ನಾನು ತಿಂದಿರಲಿಲ್ಲ."

"ಮಾಮಿ!"

"ಇಡ್ಲಿ ಕಾಗೆ ತಿಂದದ್ದು. ಹಿಂದಿನ ರಾತ್ರಿ ಊಟವೂ ಮಾಡ್ಲಿಲ್ಲ. ಹೊಟ್ಟೆ ಸರಿ ಇಲ್ಲ ಅಂತ ಜಯಾಗೆ ಸುಳ್ಳು ಹೇಳಿದೆ. ಬೆಳಿಗ್ಗೆ ನೀರೂ ಮುಟ್ಟಲಿಲ್ಲ. ಗುಳಿಗೆಯೂ ಇಲ್ಲ."

"ತಟ್ಟೆ ತೊಳೆದು ಇಟ್ಟಿದ್ರಲ್ಲ! ಅದು ನಾಟಕವಾ? ನಾನು ಬೆಳಿಗ್ಗೆ ಬೇಗ ಎದ್ದು ಇಡ್ಲಿ ಬೇಯಿಸಿದ್ದು ಕಾಗೆಗಾ? ನಿಮ್ಮ ಹಣೆ ಒಡೆದಾಗ ನನ್ನ ಜೀವ ಹೋಗಿತ್ತು ಗೊತ್ತುಂಟಾ?" ಜಯಲತಾ ಬಾಯಿ ತೆರೆದರೆ ಮುಚ್ಚುವುದು ಕಷ್ಟ. ಡಾಕ್ಟರು ಒಳಗೆ ಬಂದು ಮೆಲ್ಲನೆ ಅವಳ ಕೈ ಮುಟ್ಟಿದ ಮೇಲೆಯೇ ಅದು ನಿಂತದ್ದು.

"ಯಾಕ ತಿನ್ನಲಿಲ್ರಿ ಅಮ್ಮಾರ?"

ಬಾಗಿಯಮ್ಮ ನೆಟ್ಟಗೆ ಕೂತಳು. "ಆಟಿ ಅಮಾಸೆಯ ಕಷಾಯವನ್ನು ನಾವು ಖಾಲಿ ಹೊಟ್ಟೆಗೆ ಕುಡಿಯುವುದು. ಬಾಯಿಗೆ ಮೊದಲು ಮದ್ದೇ ತಾಗಬೇಕು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮದ್ದು ಮೈಗೆ ಹತ್ತುವುದಿಲ್ಲ. ಅದು ವರ್ಷಕ್ಕೊಂದು ಸಲದ ಮದ್ದು. ಇದು ನನ್ನ ಜನ್ಮಕ್ಕೆ ಒಂದೇ ಸಲ ಬಂದದ್ದು. ಊರೆಲ್ಲ ಸಾಯುತ್ತಿರುವಾಗ ಬಂದ ಮದ್ದು. ಇದನ್ನು ಚಟ್ನಿ ತಿಂದು ಹೋಗಿ ಹಾಕಿಸಿಕೊಳ್ಳುವುದಾ? ತಿಂದು ಬನ್ನಿ ಅಂತ ಮೆಸೇಜು ಕಳಿಸಿದ ಮಕ್ಕಳಿಗೆ ಮದ್ದಿನ ಕ್ರಮ ಗೊತ್ತಿಲ್ಲ ಅಂತ ಎಣಿಸಿದೆ. ಇವಳ ಮಗುವಿಗಾಗಿ ಹಾಕಿಸಿಕೊಂಡದ್ದಲ್ಲವಾ, ಸರಿಯಾಗಿ ಹತ್ತಲಿ ಅಂತ."

ಯಾರೂ ನಗಲಿಲ್ಲ. ಡಾಕ್ಟರೂ ನಗಲಿಲ್ಲ.

"ಮತ್ತ ಈಗ ಯಾಕ ಹೇಳಿದ್ರಿ?"

"ಬಿದ್ದದ್ದು ಹಸಿವೆಗೆ ಅಂತ ನನಗೆ ಆವತ್ತೇ ಗುಮಾನಿ. ಇವಳ ಬಾಯಿಗೆ ಹೆದರಿ ಸುಮ್ಮನಿದ್ದೆ. ಮನೆಯೊಳಗಿನ ಸುಳ್ಳು ಮನೆಯಲ್ಲೇ ಇರ್ತದೆ ಅಂತ ಎಣಿಸಿದ್ದೆ. ಅದು ದಿಲ್ಲಿಗೆ ಹೋಗ್ತದೆ ಅಂತ ನನಗೇನು ಗೊತ್ತು? ಅಲ್ಲಿಗೆ ಹೋಗಿ ಎಷ್ಟು ಬಸುರಿಯರನ್ನು ಹೆದರಿಸ್ತದೋ ಏನೋ."

ಕೋಣೆಯ ಬಾಗಿಲಲ್ಲಿ ಮಾನಸಿ ಬಂದು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

ಡಾಕ್ಟರು ಮೊದಲು ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಎಲ್ಲ ಮುಗಿದ ಮೇಲೆ ಬಾಗಿಯಮ್ಮ ಮತ್ತೆ ಬಾಯಿ ತೆರೆದಳು. ಈ ಸಲ ಧ್ವನಿ ಸಣ್ಣದಿತ್ತು.

"ಹರೀಶನಿಗಿಂತ ಮೊದಲು ನನಗೊಂದು ಹೆಣ್ಣು ಇತ್ತು. ಕುಶಲ ಅಂತ. ಜ್ವರದಲ್ಲಿ ಹೋಯಿತು. ಆಚೆ ಮನೆಯಲ್ಲೂ ಒಂದು ಹೋಯಿತು, ಕೆಳಗಿನ ಮನೆಯಲ್ಲೂ ಒಂದು. ಎಂತ ಜ್ವರ ಅಂತ ಇವತ್ತಿಗೂ ಗೊತ್ತಿಲ್ಲ. ಆಗ ಯಾರೂ 'ಅದು ಏನು ತಿಂದಿತ್ತು' ಅಂತ ಕೇಳ್ಲಿಕ್ಕೆ ಬರಲಿಲ್ಲ."

ಜಯಲತಾ ಈ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ. ಆ ಹೆಸರನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಜಗಳ, ಬಾಣಂತನ, ಹಬ್ಬ, ಎಷ್ಟು ಮಾತು ಆಗಿಹೋಗಿತ್ತು ಈ ಮುದುಕಿಯ ಜೊತೆ! ಆ ಎಲ್ಲ ಮಾತಿನ ಅಡಿಯಲ್ಲಿ ಒಂದು ಮಗು ಇತ್ತು. ಅವಳು ಹೋಗಿ ಮಂಚದ ತುದಿಯಲ್ಲಿ ಕೂತಳು.

ಡಾಕ್ಟರು ಕೊಡೆಯನ್ನು ಗೋಡೆಗೆ ಒರಗಿಸಿ ಮತ್ತೆ ಕುರ್ಚಿಯಲ್ಲಿ ಕೂತಳು. ಪೆನ್ನು ಮುಚ್ಚಿದಳು. "ಎಷ್ಟು ದೊಡ್ಡದಿತ್ರಿ ಕೂಸು?"

"ನಡೀತಿತ್ತು. ಮಾತು ಬಂದಿರಲಿಲ್ಲ."

"ಜ್ವರ ಬರೂ ಮುಂಚೆ ಏನು ತಿಂದಿತ್ತು?"

"ಗಂಜಿ ತಿಳಿ. ಅರ್ಧ ಕುಡಿಯಿತು, ಅರ್ಧ ಉಳಿಸಿತು."

"ಮೈಮ್ಯಾಲ ಏನರೆ ಎದ್ದಿತ್ತೇನ್ರಿ? ನೀರು ಕೇಳ್ತಿತ್ತಾ? ಕಣ್ಣು ತೆರಿತಿತ್ತಾ?"

ಬಾಗಿಯಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ಅರುವತ್ತು ವರ್ಷ ಕಳೆದಿದ್ದರೂ ಒಂದೂ ಮರೆತಿರಲಿಲ್ಲ. ಕೇಳುವವರಿಗಾಗಿ ಕಾದಿಟ್ಟವಳ ಹಾಗೆ. ಅದನ್ನು ಯಾವ ಕಾಗದದಲ್ಲೂ ಬರೆಯುವಂತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಡಾಕ್ಟರು ಕಿಟಕಿಯ ಹತ್ತಿರ ಹೋಗಿ ಮಾಸ್ಕ್ ಇಳಿಸಿ, ತಣ್ಣಗಾಗಿದ್ದ ಚಹಾವನ್ನು ಪೂರ್ತಿ ಕುಡಿದಳು.

ಆಮೇಲೆ ಕಾಯುವ ದಿನಗಳು. "ಹಸಿವೆಗೇ ಬಿದ್ದದ್ದು ಅಂತ ನಾ ಹೇಳೂ ಹಂಗಿಲ್ರಿ, ಸಮಿತಿಯವರು ಹೇಳಬೇಕು," ಎಂದು ಚೈತನ್ಯಾ ಹೋಗಿದ್ದಳು. ರಿತೇಶ್ ಅದನ್ನೇ ಹಿಡಿದುಕೊಂಡ. ಮಾನಸಿ ಅವನ ಜೊತೆ ಮಾತು ಬಿಟ್ಟಳು. ಉಪ್ಪು ಬೇಕಾದರೂ ಅತ್ತೆಯ ಮೂಲಕ ಕೇಳುವಳು. ಆಟಿಯ ಅಮಾವಾಸ್ಯೆ ಬಂತು. ಹರಿಶ್ಚಂದ್ರ ಈ ಸಲ ಪೊಲೀಸರ ಕಾಟವಿಲ್ಲದೆ ತೊಗಟೆ ತಂದ. ಎಲ್ಲರೂ ಮುಖ ಕಿವುಚಿ ಕಹಿ ಕಷಾಯ ಕುಡಿದರು, ಆಮೇಲೆ ಮೈ ತಂಪಾಗಲೆಂದು ಮೆಂತೆ ಗಂಜಿ ಉಂಡರು. ಬಸುರಿಗೆ ಉಷ್ಣವೆಂದು ಮಾನಸಿಗೆ ಕಷಾಯವಿಲ್ಲ, ಬರೀ ಗಂಜಿ.

"ನೋಡು," ಎಂದಳು ಬಾಗಿಯಮ್ಮ ಮೊಮ್ಮಗನಿಗೆ, "ಈ ಕಷಾಯ ಯಾರಿಗೆ ಆಗ್ತದೆ, ಯಾರಿಗೆ ಆಗುವುದಿಲ್ಲ ಅಂತ ನಮ್ಮ ಹಿರಿಯರಿಗೆ ಹೇಗೆ ಗೊತ್ತಾಯ್ತು? ಯಾರೋ ಕುಡಿದು, ಯಾರೋ ಬಿದ್ದು, ಯಾರೋ ನೆನಪಿಟ್ಟುಕೊಂಡರು. ಅಷ್ಟೇ."

ರಿತೇಶ್ ಗಂಜಿಯ ಬಟ್ಟಲಿನಲ್ಲಿ ಮುಖವಿಟ್ಟ.

ಫೋನು ಬಂದದ್ದು ಅದಾಗಿ ಕೆಲವು ದಿನಕ್ಕೆ, ಅಡುಗೆಯ ಹೊತ್ತಿನಲ್ಲಿ. ಜಯಲತಾ ಸ್ಪೀಕರ್ ಒತ್ತಿದಳು. "ಸಮಿತಿ ನೋಡ್ಯಾರ್ರಿ. ಮದ್ದಿನ ತಪ್ಪಲ್ಲ. ಖಾಲಿ ಹೊಟ್ಟಿ, ನೀರಿಲ್ಲ, ಬಿಸಲಾಗ ನಿಂತದ್ದು. ಅಮ್ಮಾರ, ಎರಡನೇ ಡೋಸಿಗೆ ಹೊಟ್ಟಿ ತುಂಬ ಉಂಡು ಬರ್ರಿ!"

ಬಾಗಿಯಮ್ಮ ಫೋನಿಗೆ ಬಾಯಿ ಹಚ್ಚಿ ಕೂಗಿದಳು. "ಡಾಕ್ಟ್ರಮ್ಮ, ಬಿದ್ದವರನ್ನು ಎಣಿಸ್ತೀರಿ. ಏನೂ ಆಗದವರನ್ನು?"

"ಅವ್ರನ್ನ ಎಣಿಸದಿದ್ರ ನಿಮ್ಮನ್ನ ಎಣಿಸಿ ಏನು ಉಪಯೋಗ್ರಿ?"

ಜಯಲತಾ ಫೋನು ಇಟ್ಟಳು. ಮಾನಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗಂಡನ ಎದುರು ನಿಂತಳು.

"ಉಂದು ಎನ್ನ ಬಂಜಿ," ಎಂದಳು. ಇದು ನನ್ನ ಹೊಟ್ಟೆ. ಅವಳ ಬಾಯಲ್ಲಿ ತುಳು ಕೇಳಿ ರಿತೇಶ್ ಬೆಚ್ಚಿದ. "ನಾಳೆ ನಾನು ಹೋಗ್ತೇನೆ. ನೀನು ಬಂದರೆ ಖುಷಿ. ಬರದಿದ್ದರೂ ಹೋಗ್ತೇನೆ."

"ನನಗೆ ಹೆದರಿಕೆ ಆಗ್ತದೆ ಮಾನಸಿ," ಎಂದ ಅವನು. ಇಷ್ಟು ವಾರಗಳಲ್ಲಿ ಅವನು ಹೇಳಿದ ಮೊದಲ ನಿಜ ಅದು. "ದಿಶಾಳ ಗಂಡನ ಮುಖ ನಾನು ನೋಡಿದ್ದೇನೆ."

"ನನಗೂ ಆಗ್ತದೆ."

ಒಲೆಯ ಮೇಲೆ ಕುಕ್ಕರ್ ಮೂರನೇ ಸೀಟಿ ಹೊಡೆಯಿತು. ಜಯಲತಾ ಗ್ಯಾಸ್ ಆರಿಸಿದಳು. "ಮುಗೀತು ಜಗಳ. ನಾಳೆ ಎಲ್ಲರೂ ಹೋಗುವುದು. ಬಟ್ಟಲು ತನ್ನಿ, ಊಟಕ್ಕೆ ಕೂರಿ."

ಮರುದಿನ ಬಾಗಿಯಮ್ಮನನ್ನು ಮನೆಯಲ್ಲಿ ಬಿಟ್ಟುಹೋಗುವ ಪ್ರಯತ್ನ ನಡೆಯಲಿಲ್ಲ. ಅವಳ ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಮೆಂತೆ ಗಂಜಿ. ಮನೆಯಲ್ಲಿ ನಾಲ್ಕು ಇಡ್ಲಿ ತಿಂದು ಬಂದಿದ್ದ ಮಾನಸಿಗೆ ಸಾಲಿನಲ್ಲೇ ಚಮಚದಲ್ಲಿ ತಿನ್ನಿಸಿದಳು. "ಬಸ್ ಅಜ್ಜಿ, ಪೇಟ್ ಫಟೇಗಾ!" ಹೊಟ್ಟೆ ಒಡೆದೀತು ಎಂದು ಗೋಗರೆದರೂ ಬಿಡಲಿಲ್ಲ. ಸಾಲದ್ದಕ್ಕೆ ಹಿಂದೆ ಮುಂದೆ ನಿಂತವರನ್ನೆಲ್ಲ "ಖಾಲ್ಲಂ ಕಾ?" ಎಂದು ತನಗೆ ಬರುವ ಎರಡೇ ಮರಾಠಿ ಮಾತಿನಲ್ಲಿ ವಿಚಾರಿಸಿದಳು. ತಿಂದಿಲ್ಲ ಎಂದ ಒಬ್ಬ ಹುಡುಗನಿಗೂ ಎರಡು ಚಮಚ ಹೋಯಿತು. ಜಯಲತಾ ನಾಚಿಕೆಯಿಂದ ಅತ್ತ ತಿರುಗಿದಳು, ಆದರೆ ತಡೆಯಲಿಲ್ಲ.

ಅದೇ ತರಗತಿ, ಅದೇ ಮಗ್ಗಿಯ ಗೋಡೆ. ಸೂಜಿ ಹಾಕಿಸಿಕೊಂಡು ಮಾನಸಿ ಬೆಂಚಿನಲ್ಲಿ ಕೂತಳು. ಒಂದು ಕಡೆ ರಿತೇಶ್, ಒಂದು ಕಡೆ ಜಯಲತಾ. ರಿತೇಶ್ ಹೆಂಡತಿಯ ಕೈ ಹಿಡಿದಿದ್ದ, ಬೆರಳುಗಳು ಬೆಳ್ಳಗಾಗಿದ್ದವು. ಬಾಗಿಯಮ್ಮ ಎದುರಿಗೆ ಕೂತು ಮಾನಸಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. ರೆಪ್ಪೆ ಹೊಡೆದರೆ ಏನಾದರೂ ತಪ್ಪಿಹೋಗುತ್ತದೆ ಎಂಬಂತೆ. ಒಮ್ಮೆ ಮಾನಸಿ ಹೌಹಾರಿ ಹೊಟ್ಟೆ ಮುಟ್ಟಿಕೊಂಡಳು. ಎಲ್ಲರೂ ಅರ್ಧ ಎದ್ದರು.

"ಒದೀತು," ಎಂದು ನಕ್ಕಳು ಅವಳು.

ಸುತ್ತ ಕೂತವರು ಒಬ್ಬೊಬ್ಬರೇ ಎದ್ದು, ಚೀಲ ಎತ್ತಿಕೊಂಡು, ಏನೂ ಆಗದೆ ಮನೆಗೆ ಹೋಗುತ್ತಿದ್ದರು. ಇಷ್ಟು ಜನ ದಿನವೂ ಏನೂ ಆಗದೆ ಮನೆಗೆ ಹೋಗುತ್ತಾರಲ್ಲ, ಇದರ ಸುದ್ದಿಯನ್ನು ಮುರಾರಿ ಯಾಕೆ ಕಳಿಸುವುದಿಲ್ಲ ಎಂದುಕೊಂಡಳು ಜಯಲತಾ. ಅವಳಿಗೆ ಅಳು ಬಂದ ಹಾಗಾಯಿತು. ದುಃಖದ್ದಲ್ಲ.

ಹೊತ್ತು ಮುಗಿಯಿತು, ಹೋಗಬಹುದು ಎಂದು ನರ್ಸು ಕೈ ಮಾಡಿದಳು. ಎಲ್ಲರೂ ಎದ್ದರು. ಬಾಗಿಯಮ್ಮ ಮಾತ್ರ ಬಾಗಿಲಿನ ಕಡೆ ಹೋಗದೆ, ಗೋಡೆ ಹಿಡಿದುಕೊಂಡು ನೇರ ನರ್ಸಿನ ಮೇಜಿನ ಹತ್ತಿರ ಹೋಗಿ ನಿಂತಳು. ಹಣೆಯ ಮೇಲೆ ಹೊಲಿಗೆಯ ಕಲೆ ಇನ್ನೂ ಕೆಂಪಗಿತ್ತು.

"ಬರ್ಕೋ ಮಗಾ," ಎಂದಳು. "ನಮ್ಮ ಮಾನಸಿಗೆ ಎಂತದೂ ಆಗಲಿಲ್ಲ."

ನರ್ಸು ತಿಳಿಯದೆ ಮಾನಸಿಯನ್ನು ನೋಡಿದಳು. ಮಾನಸಿ ಮರಾಠಿಯಲ್ಲಿ ಹೇಳಿದಳು. ನರ್ಸು ಬಾಗಿಯಮ್ಮನ ಹಣೆಯನ್ನು ನೋಡಿದಳು, ಮಾನಸಿಯ ಹೊಟ್ಟೆಯನ್ನು ನೋಡಿದಳು. ಕಂಪ್ಯೂಟರಿನ ಕಡೆ ತಿರುಗಿ ಒಂದು ಕೀ ಒತ್ತಿದಳು.

"ಲಿಹಿಲಂ, ಆಜಿ," ಎಂದಳು. ಬರೆದುಕೊಂಡೆ.

"ಅಂದಾ?" ಎಂದಳು ಬಾಗಿಯಮ್ಮ. ಆಮೇಲೆ ಖಾಲಿ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, ಮನೆಗೆ ಹೊರಟಳು.